ಹಳೆಯ ದೊಡ್ಡ ಕಾರು, ಕರಿಯ ಗಾಜು



ಈ ಪುಟದಲ್ಲಿ ನಾವು ಸಾಧಾರಣವಾಗಿ ಬರೆಯುವುದು ಬೋರ್ಡೋ ದ್ರಾವಣ, ಮರಗಸಿ, ಗೊಬ್ಬರದ ದಾಸ್ತಾನು, ಅಡಿಕೆ ಧಾರಣೆ ಇಂಥವುಗಳನ್ನು ಕುರಿತು. ಈ ಸಂಚಿಕೆಯಲ್ಲಿ ಮೋಟಾರು ಕಾರಿನ ವಿಷಯ ಎತ್ತಿಕೊಂಡದ್ದನ್ನು ಕಂಡು ಕೆಲವರು ನಗಬಹುದು. ಆದರೆ ಕಳೆದೆರಡು ಹಂಗಾಮುಗಳಿಂದ ನಮ್ಮ ಸಂಘದ ಅಂಗಳದಲ್ಲಿ ಜೀಪು, ಪಿಕಪ್ಪುಗಳ ಮಧ್ಯೆ ನೀಳವಾದ, ನೆಲಕ್ಕೆ ತಗ್ಗಿದ, ಹೊಳೆಯುವ ಕಾರುಗಳು ಬಂದು ನಿಲ್ಲುತ್ತಿರುವುದನ್ನು ಎಲ್ಲರೂ ನೋಡಿದ್ದೀರಿ. ಬೆನ್ಜ್, ಬಿ.ಎಂ.ಡಬ್ಲ್ಯು., ಆಡಿ. ಎಲ್ಲವೂ ಹತ್ತು ಹನ್ನೆರಡು ವರ್ಷ ಇನ್ಯಾರದೋ ಕೈಯಲ್ಲಿ ಓಡಿ ಬಂದವು. ಕೊಂಡ ವಾರದೊಳಗೆ ಗಾಜಿಗೆ ಕರಿಯ ಫಿಲ್ಮು ಅಂಟಿಸುವುದೂ ಈಗ ಒಂದು ಶಾಸ್ತ್ರವಾಗಿಬಿಟ್ಟಿದೆ, ಆಯುಧಪೂಜೆಗೆ ಬೂದುಗುಂಬಳ ಒಡೆದಂತೆ.

ಸದಸ್ಯರು ತಮ್ಮ ದುಡ್ಡಿನಲ್ಲಿ ಏನು ಕೊಂಡರೆ ಸಂಘಕ್ಕೇನು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಗೋದಾಮಿನಲ್ಲಿಟ್ಟ ಕಾಫಿಯ ಮೇಲೆ ಮುಂಗಡ ಕೇಳುವ ಅರ್ಜಿಯಲ್ಲಿ 'ಗೃಹಕೃತ್ಯ' ಎಂದು ಬರೆದ ಕಾರಣದ ಹಿಂದೆ ಕಾರು ನಿಂತಿರುವುದು ನಮಗೆ ತಿಳಿಯತೊಡಗಿದ ಮೇಲೆ ಇದು ಸಂಘದ ವಿಷಯವೂ ಆಯಿತು ಎಂದಷ್ಟೇ ಹೇಳಿ ಮುಂದುವರಿಯುತ್ತೇವೆ.

ಒಳ್ಳೆಯ ಕಾರಿನಲ್ಲಿ ಕೂರಬೇಕೆಂಬ ಆಸೆಯನ್ನು ನಾವು ಹಳಿಯುವುದಿಲ್ಲ. ಒಂದು ಕಾಲದಲ್ಲಿ ಈ ಸೀಮೆಯ ರಸ್ತೆಗಳಲ್ಲಿ ಕಾರು ಎಂದರೆ ದೊರೆಗಳದು. ಅವರು ಹೋದ ಮೇಲೆ ದೊಡ್ಡ ಎಸ್ಟೇಟಿನವರದು. ಐದೆಕರೆ, ಹತ್ತೆಕರೆಯವನಿಗೆ ಇದ್ದದ್ದು ಬಸ್ಸು, ತಪ್ಪಿದರೆ ಯಾರದಾದರೂ ಜೀಪಿನ ಹಿಂದಿನ ಸೀಟು. 1984ರಲ್ಲಿ ಕಾಂಟೆಸ್ಸಾ ಬಂದಾಗ ಅದನ್ನು ಸುತ್ತು ಹಾಕಿ ನೋಡಲಿಕ್ಕೆಂದೇ ಪೇಟೆಗೆ ಹೋದವರಿದ್ದರು. ಪುಣೆಯಲ್ಲಿ ಬೆನ್ಜ್ ಕಾರಿನ ಜೋಡಣೆ 1995ರಲ್ಲಿ ಶುರುವಾದಾಗ ಅದು ಮಂತ್ರಿಗಳಿಗೆ, ಸಿನಿಮಾದವರಿಗೆ ಇರುವ ವಸ್ತು ಎಂದೇ ನಾವೆಲ್ಲ ತಿಳಿದಿದ್ದೆವು. ಇಂದು ಅದೇ ಕಾರು ಹಳೆಯದಾಗಿ ನಮ್ಮ ಕೈಗೆಟುಕುವ ಬೆಲೆಗೆ ಇಳಿದಿದ್ದರೆ, ವರ್ಷಪೂರ್ತಿ ಜಿಗಣೆ ಕಚ್ಚಿಸಿಕೊಂಡು ದುಡಿದವನು ಅದರಲ್ಲಿ ಯಾಕೆ ಕೂರಬಾರದು? ವಯಸ್ಸಾದ ತಾಯಿಯನ್ನು ಚಾರ್ಮಾಡಿ ಇಳಿಸಿ ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುವವನಿಗೆ ಮೆತ್ತನೆಯ ಸೀಟೂ, ಗಟ್ಟಿ ಬ್ರೇಕೂ, ಆರೆಂಟು ಗಾಳಿಚೀಲಗಳೂ ಬೇಡವೆನ್ನಲು ನಾವು ಯಾರು?

ನಮ್ಮ ತಕರಾರು ಬೇರೆ ಎರಡು ಕಡೆ ಇದೆ. ಒಂದು, ಯಾವ ದುಡ್ಡಿನಲ್ಲಿ ಕೊಳ್ಳುತ್ತೇವೆ ಎಂಬುದು. ಇನ್ನೊಂದು, ಆ ಗಾಜು. ಎರಡನೆಯದೇ ನಮ್ಮ ಮುಖ್ಯ ತಕರಾರು, ಆದರೆ ದುಡ್ಡಿನ ಮಾತನ್ನು ಮೊದಲು ಮುಗಿಸಿಬಿಡೋಣ.

ಕಾಫಿ ಬೋರ್ಡಿನ ಪೂಲ್ ಇದ್ದ ಕಾಲದಲ್ಲಿ ಹಣ ಕಂತುಕಂತಾಗಿ ಬರುತ್ತಿತ್ತು. ಅದನ್ನು ಆಗ ಎಲ್ಲರೂ ಶಪಿಸಿದವರೇ. 1990ರ ದಶಕದ ನಡುವೆ ಮುಕ್ತ ಮಾರಾಟ ಬಂದ ಮೇಲೆ ಇಡೀ ವರ್ಷದ ಬೆಳೆ ಒಂದೇ ದಿನ ಬ್ಯಾಂಕಿಗೆ ಬಂದು ಬೀಳುತ್ತದೆ. ಪಾಸ್‌ಬುಕ್ಕಿನಲ್ಲಿ ಆ ದಿನ ಕಾಣುವ ಅಂಕಿ ಲಾಭವಲ್ಲ. ಅದರಲ್ಲಿ ಮುಂದಿನ ಹನ್ನೊಂದು ತಿಂಗಳ ಕೂಲಿ, ಗೊಬ್ಬರ, ಸುಣ್ಣ, ಮೈಲುತುತ್ತ, ಸ್ಪ್ರಿಂಕ್ಲರಿಗೆ ಡೀಸೆಲ್ಲು, ಮಕ್ಕಳ ಫೀಸು ಎಲ್ಲವೂ ಕೂಡಿಕೊಂಡಿದೆ. ಹಳೇ ಕಾರಿನ ದಲ್ಲಾಳಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಫೆಬ್ರವರಿ, ಮಾರ್ಚ್ ತಿಂಗಳಲ್ಲೇ ಅವನ ಫೋನು ಬರುವುದು ಸುಮ್ಮನೆ ಅಲ್ಲ.

1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಧಾರಣೆ ನೆಗೆದಾಗ ನಾವು ಓದು ಮುಗಿಸಿ ತೋಟಕ್ಕೆ ಬಂದ ಹೊಸತು. ಆಗ ಈ ಭಾಗದಲ್ಲಿ ಕೊಂಡ ಕಾರುಗಳಿಗೆ ಲೆಕ್ಕವಿಲ್ಲ. 2001ರಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕ ಪೌಂಡಿಗೆ 50 ಸೆಂಟಿಗೂ ಕೆಳಗಿಳಿಯಿತು. ಆ ಕಾರುಗಳಲ್ಲಿ ಕೆಲವು ಕೊಟ್ಟಿಗೆಯಲ್ಲಿ ಗೋಣಿತಾಟು ಹೊದ್ದು ನಿಂತು, ಹಿಂದಿನ ಸೀಟಿನ ಮೇಲೆ ಕೋಳಿ ಮೊಟ್ಟೆಯಿಟ್ಟದ್ದನ್ನೂ ನಾವು ಕಂಡಿದ್ದೇವೆ. 2025ರ ಫೆಬ್ರವರಿಯಲ್ಲಿ ಅದೇ ಪೇಟೆಯಲ್ಲಿ ಪೌಂಡಿನ ಬೆಲೆ 4 ಡಾಲರ್ ದಾಟಿತು. ಎರಡೂ ಅಂಕಿಗಳನ್ನು ಒಂದೇ ತಲೆಮಾರು ನೋಡಿದೆ. ಎರಡನೆಯದು ಮಾತ್ರ ನೆನಪಿರುವವರು ಈಗ ಕಾರಿನ ಶೋರೂಮಿನಲ್ಲಿದ್ದಾರೆ. ಅಡಿಕೆಯವರಿಗೆ ಈ ಏರಿಳಿತವನ್ನು ನಾವು ಹೇಳಿಕೊಡಬೇಕಾಗಿಲ್ಲ. ಅವರಿಗೆ ಧಾರಣೆಯ ಜೊತೆಗೆ ಎಲೆಚುಕ್ಕಿ ರೋಗವೂ ಇದೆ.

ಹೊಸದರಲ್ಲಿ ಅರವತ್ತು ಲಕ್ಷದ ಸುಮಾರಿನ ಗಾಡಿ ಹತ್ತು ವರ್ಷ ಕಳೆದ ಮೇಲೆ ಹತ್ತು ಹನ್ನೆರಡು ಲಕ್ಷಕ್ಕೆ ಸಿಕ್ಕಿತು ಎನ್ನೋಣ. ಕಾರಿನ ಬೆಲೆ ಇಳಿಯಿತು, ಅದರ ಬಿಡಿಭಾಗಗಳ ಬೆಲೆ ಇಳಿಯಲಿಲ್ಲ. ಗೇರುಪೆಟ್ಟಿಗೆಯೋ, ಗಾಳಿಯ ಸಸ್ಪೆನ್ಶನ್ನೋ ಕೆಟ್ಟರೆ ರಿಪೇರಿಯ ಬಿಲ್ಲು ಅರವತ್ತು ಲಕ್ಷದ ಕಾರಿನದೇ ಹೊರತು ಹನ್ನೆರಡು ಲಕ್ಷದ ಕಾರಿನದಲ್ಲ. ನಮ್ಮ ಊರಿನ ಮೆಕ್ಯಾನಿಕ್ ಎಷ್ಟೇ ಜಾಣನಿರಲಿ, ಬಾನೆಟ್ ಎತ್ತಿ ನೋಡಿ ಮತ್ತೆ ಮುಚ್ಚುತ್ತಾನೆ. ನೆಲಕ್ಕೂ ಕಾರಿನ ಹೊಟ್ಟೆಗೂ ಒಂದು ಗೇಣಿನ ಅಂತರವೂ ಇರುವುದಿಲ್ಲ. ತೋಟದ ದಾರಿಯ ನಡುಗಲ್ಲಿಗೆ ಆಯಿಲ್ ಸಂಪು ತಾಗಿತೆಂದರೆ ಟೋಯಿಂಗ್ ಲಾರಿ ಜಿಲ್ಲಾ ಕೇಂದ್ರದಿಂದಲೇ ಬರಬೇಕು. ಮನೆಯಿಂದ ಪೇಟೆಗೆ ನಾಲ್ಕು ಮೈಲಿ, ಪೇಟೆಯಿಂದ ಮನೆಗೆ ನಾಲ್ಕು ಮೈಲಿ ಓಡುವ ಡೀಸೆಲ್ ಎಂಜಿನ್ನು ಸರಿಯಾಗಿ ಬಿಸಿಯಾಗದೆ ಮಸಿ ಕಟ್ಟಿಕೊಳ್ಳುತ್ತದೆ ಎಂಬುದು ಇನ್ನೊಂದು. ಇವು ಹೆದ್ದಾರಿಗೆಂದು ಹುಟ್ಟಿದ ಗಾಡಿಗಳು.

ಆದ್ದರಿಂದ ಕಾರಿಗೆ ಕೊಡುವ ಬೆಲೆಯಷ್ಟೇ ಅಲ್ಲದೆ ಅದರ ಕಾಲುಭಾಗವನ್ನಾದರೂ ರಿಪೇರಿಗೆಂದು ಬ್ಯಾಂಕಿನಲ್ಲಿ ಮುಟ್ಟದೆ ಇಡಲು ಸಾಧ್ಯವಿರುವವರು ಕೊಳ್ಳಲಿ ಎಂಬುದು ನಮ್ಮ ಅಭಿಪ್ರಾಯ. ಶೂನ್ಯ ಬಡ್ಡಿಯ ಬೆಳೆಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದ್ದು ಗೊಬ್ಬರಕ್ಕೆ, ಕೂಲಿಗೆ, ಟೈರಿಗಲ್ಲ. ಆ ಸಾಲ ಗಡುವಿನೊಳಗೆ ತೀರದಿದ್ದರೆ ಶೂನ್ಯ ಬಡ್ಡಿಯೂ ಉಳಿಯುವುದಿಲ್ಲವೆಂಬುದು ಎಲ್ಲರಿಗೂ ಗೊತ್ತಿದೆ. ಒಬ್ಬನ ಬಾಕಿ ಸಂಘದ ಪಟ್ಟಿಯಲ್ಲಿ ಉಳಿದರೆ ಅದರ ಭಾರ ಬೀಳುವುದು ಸ್ಕೂಟರಿನಲ್ಲಿ ಓಡಾಡುವ ಇನ್ನೊಬ್ಬ ಸದಸ್ಯನ ಮೇಲೆ.

ಇನ್ನು ಕಾಗದಪತ್ರದ ವಿಷಯ. ಇದರಲ್ಲಿ ನಮ್ಮವರು ಬಹಳ ಉದಾರಿಗಳು. 'ಆಮೇಲೆ ಮಾಡ್ಸಿದ್ರಾಯ್ತು ಬಿಡಿ ಮಾರಾಯ್ರೇ' ಎನ್ನುವ ಒಂದೇ ಮಾತಿನಲ್ಲಿ ಲಕ್ಷಗಟ್ಟಲೆಯ ವ್ಯವಹಾರ ಮುಗಿಯುತ್ತದೆ. ದೆಹಲಿ ಪ್ರದೇಶದಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನ ಓಡಬಾರದೆಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 2025ರಲ್ಲಿ ಸ್ವಲ್ಪ ಸಡಿಲಿಕೆ ಬಂದರೂ, ನಡುವಿನ ಈ ವರ್ಷಗಳಲ್ಲಿ ಅಲ್ಲಿ ಬೆಲೆಯಿಲ್ಲದ ದೊಡ್ಡ ಡೀಸೆಲ್ ಕಾರುಗಳು ದಕ್ಷಿಣದ ಕಡೆ ಮುಖ ಮಾಡಿದವು. 'ದೆಹಲಿ ಗಾಡಿ, ಅರ್ಧ ರೇಟು' ಎನ್ನುವುದು ಇದನ್ನೇ. ಅರ್ಧ ರೇಟಿಗೆ ತಂದ ಮೇಲೆ ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. 20 ಲಕ್ಷ ಮೀರಿದ ಕಾರಿಗೆ ಹೊಸದರಲ್ಲಿ ಅದು ಶೇ. 18, ಹಳೆಯದಾದಷ್ಟೂ ಕಡಿಮೆಯಾಗುತ್ತದೆ, ನಿಜ. ಆದರೆ ಆ ಲೆಕ್ಕ ಹಿಡಿಯುವುದು ನೀವು ದಲ್ಲಾಳಿಗೆ ಕೊಟ್ಟ ಬೆಲೆಯ ಮೇಲಲ್ಲ, ಕಾರಿನ ಮೂಲ ಬೆಲೆಯ ಮೇಲೆ. ಮೊದಲ ರಾಜ್ಯದ ಆರ್.ಟಿ.ಓ. ಕೊಡುವ ನಿರಾಕ್ಷೇಪಣಾ ಪತ್ರ, ಅಂದರೆ ಫಾರಂ 28, ಕೈಗೆ ಬಾರದೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ. ತೆರಿಗೆ ಕಟ್ಟದೆ ಹೊರಗಿನ ನಂಬರಿನಲ್ಲೇ ಓಡಿಸೋಣ ಎನ್ನುವವರು, 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಇಲಾಖೆಯವರು ಅಂಥ ದುಬಾರಿ ಕಾರುಗಳನ್ನು ಸಾಲಾಗಿ ವಶಕ್ಕೆ ತೆಗೆದುಕೊಂಡದ್ದನ್ನು ನೆನಪಿಡಲಿ.

ಕೊಳ್ಳುವವರಿಗಿಂತ ಮಾರುವವರಿಗೆ ಹೇಳಬೇಕಾದದ್ದು ಮುಖ್ಯ. ದೊಡ್ಡ ಕಾರಿಗಾಗಿ ಹಳೆಯ ಜೀಪನ್ನು ಫಾರಂ 29, 30ರ ಮೇಲೆ ಬರಿದೆ ರುಜು ಹಾಕಿ ಯಾರಿಗೋ ಕೊಟ್ಟು ಮರೆತುಬಿಟ್ಟ ಸದಸ್ಯರು ನಮ್ಮಲ್ಲಿ ಹಲವರಿದ್ದಾರೆ. ಆರ್.ಟಿ.ಓ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ನಿಚ್ಚಳವಾಗಿ ಹೇಳಿದೆ. ಜೀಪು ಕೈಯಿಂದ ಕೈಗೆ ಐದು ಸಲ ಮಾರಾಟವಾಗಿದ್ದರೂ ನೋಟೀಸು ಬರುವುದು ನಿಮ್ಮ ಮನೆ ಬಾಗಿಲಿಗೆ. ಒಂದೇ ರಾಜ್ಯದೊಳಗಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ವರದಿ ಮಾಡಬೇಕೆಂಬುದು ಕಾನೂನು. ವಿಮೆಯನ್ನೂ 14 ದಿನದೊಳಗೆ ಹೆಸರು ಬದಲಾಯಿಸಿಕೊಳ್ಳಿ. ಇಲ್ಲದಿದ್ದರೆ ನಿಮ್ಮ ಕಾರಿಗೆ ಆದ ನಷ್ಟ ನಿಮ್ಮದೇ.

ನೋಡಿ ಕೊಳ್ಳುವುದು ಹೇಗೆಂದು ಕೇಳಿದವರಿಗೆ ಎರಡು ಮಾತು. ಮೀಟರು ತೋರಿಸುವ ಕಿಲೋಮೀಟರನ್ನು ನಂಬುವುದಕ್ಕಿಂತ ಸರ್ವಿಸ್ ಪುಸ್ತಕವನ್ನು ನಂಬಿ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಗುರುತಿದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 'ಮೂವತ್ತು ಸಾವಿರವೇ ಓಡಿದ್ದು' ಎಂದ ಕಾರಿನಲ್ಲಿ ಮೂರನೇ ಸೆಟ್ಟು ಟೈರಿದ್ದರೆ ಅರ್ಥ ನೀವೇ ಮಾಡಿಕೊಳ್ಳಿ. ಸೀಟುಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಕೆಸರಿನ ಗೆರೆ ಕಂಡರೆ ಅದು ನೆರೆಯಲ್ಲಿ ಮುಳುಗಿದ ಗಾಡಿ. 2015ರಲ್ಲಿ ಚೆನ್ನೈಯಲ್ಲಿ, 2018ರಲ್ಲಿ ಕೇರಳದಲ್ಲಿ ಹಾಗೆ ಮುಳುಗಿದವುಗಳಿಗೆ ಲೆಕ್ಕವಿಲ್ಲ, ಮತ್ತು ಮುಳುಗಿದ್ದೆಲ್ಲ ಗುಜರಿಗೆ ಹೋಗಲಿಲ್ಲ.

ಇನ್ನು ಗಾಜು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ. 70, ಪಕ್ಕದ ಗಾಜುಗಳಲ್ಲಿ ಕನಿಷ್ಠ ಶೇ. 50 ಬೆಳಕು ಹಾಯಬೇಕು. ಇದರ ಮೇಲೆ 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟು, ಶೇಕಡಾವಾರು ಎಷ್ಟೇ ಇರಲಿ, ಗಾಜಿನ ಮೇಲೆ ಕರಿಯ ಫಿಲ್ಮು ಅಂಟಿಸುವುದನ್ನೇ ನಿಷೇಧಿಸಿತು. ಝಡ್ ಮತ್ತು ಝಡ್ ಪ್ಲಸ್ ಭದ್ರತೆಯುಳ್ಳ ಗಣ್ಯರಿಗೆ ಮಾತ್ರ ವಿನಾಯಿತಿಗೆ ಅವಕಾಶವಿತ್ತು. ನಮ್ಮ ಸದಸ್ಯರ ಪಟ್ಟಿಯನ್ನು ಒಮ್ಮೆ ಕಣ್ಣಾಡಿಸಿದ್ದೇವೆ, ಆ ದರ್ಜೆಯವರು ಯಾರೂ ಕಾಣಲಿಲ್ಲ.

2024ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟು ಫಿಲ್ಮು ಹಾಕಬಹುದೆಂದಿದೆಯಲ್ಲ ಎಂದು ವಾದಿಸುವ ತರುಣರಿದ್ದಾರೆ. ಹೌದು. 2021ರ ಏಪ್ರಿಲ್‌ನಿಂದ ಜಾರಿಗೆ ಬಂದ ತಿದ್ದುಪಡಿಯನ್ನು ಆಧರಿಸಿ, ಮಾನಕ ಸಂಸ್ಥೆಯ ಮಟ್ಟಕ್ಕೆ ಸರಿಹೊಂದುವ ಫಿಲ್ಮನ್ನು ಅದೇ ಶೇ. 70, ಶೇ. 50ರ ಮಿತಿಯೊಳಗೆ ಹಾಕಬಹುದು ಎಂದಿತು. ಅರ್ಧ ಬೆಳಕು ಹಾಯುವ ಗಾಜೆಂದರೆ ಒಳಗಿರುವವರ ಮುಖ ಕಾಣುವ ಗಾಜು. ನಮ್ಮ ಅಂಗಳದಲ್ಲಿ ನಿಲ್ಲುವವುಗಳ ಒಳಗೆ ಮನುಷ್ಯನಿದ್ದಾನೋ ಕಾಫಿ ಮೂಟೆಯಿದೆಯೋ ತಿಳಿಯುವುದಿಲ್ಲ. ಆ ತೀರ್ಪನ್ನು ಇವಕ್ಕೆ ರಕ್ಷೆಯಾಗಿ ಹಿಡಿಯುವಂತಿಲ್ಲ.

ಬಿಸಿಲಿಗಾಗಿ ಹಾಕಿಸಿದ್ದು ಎನ್ನುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯನ ಮುಖವನ್ನೇ ಕಾಣದ, ಉಳಿದ ದಿನ ಸಿಲ್ವರ್ ಓಕಿನ ನೆರಳಿನಲ್ಲೇ ಓಡಾಡುವ ನಮ್ಮ ಬಾಯಲ್ಲಿ ಈ ಮಾತು! ಅದಿರಲಿ. ಬಿಸಿಲಿನ ಕಾವಿನ ಅರ್ಧದಷ್ಟು ಬರುವುದು ಕಣ್ಣಿಗೆ ಕಾಣದ ಕಿರಣಗಳಿಂದ. ಗಾಜು ಕಪ್ಪಾದ ಮಾತ್ರಕ್ಕೆ ಅವು ನಿಲ್ಲುವುದಿಲ್ಲ. ಅಗ್ಗದ ಫಿಲ್ಮು ಬರಿಯ ಬಣ್ಣ. ಎರಡು ಬೇಸಿಗೆಯಲ್ಲಿ ನೇರಳೆಗೆ ತಿರುಗಿ, ಗುಳ್ಳೆಯೆದ್ದು, ಬೆನ್ಜ್ ಕಾರನ್ನು ಹಳೇ ಟೂರಿಸ್ಟ್ ಬಸ್ಸಿನಂತೆ ಮಾಡುತ್ತದೆ.

ರಾತ್ರಿಯ ಮಾತು ಇದಕ್ಕಿಂತ ಗಂಭೀರ. ಮಳೆಗಾಲದ ಸಂಜೆ ಏಳಕ್ಕೆ ಮಂಜು ಕವಿದ ತಿರುವಿನಲ್ಲಿ, ತೋಟದ ಗೇಟಿನಿಂದ ಮುಖ್ಯರಸ್ತೆಗೆ ಕಾರಿನ ಮೂತಿ ಹೊರಹಾಕುವಾಗ, ನೋಡಬೇಕಾದದ್ದು ಪಕ್ಕದ ಗಾಜಿನಿಂದ. ಕಪ್ಪು ಬಟ್ಟೆ ತೊಟ್ಟು ಶಬರಿಮಲೆಗೆ ನಡೆದು ಹೋಗುವವರು, ದೀಪವಿಲ್ಲದ ಸೈಕಲ್ಲು, ರಸ್ತೆಯಂಚಿನ ದನ ಯಾವುದೂ ಕಾಣುವುದಿಲ್ಲ. ಸಕಲೇಶಪುರ, ಆಲೂರು, ಮೂಡಿಗೆರೆ, ಕೊಡಗಿನ ಕಡೆಯ ಸದಸ್ಯರಿಗೆ ಇನ್ನೊಂದನ್ನೂ ಹೇಳಬೇಕು: ಕತ್ತಲಲ್ಲಿ ರಸ್ತೆ ಬದಿ ನಿಂತ ಆನೆ ಬರಿಗಣ್ಣಿಗೇ ಬಂಡೆಯಂತೆ ಕಾಣುತ್ತದೆ. ಕರಿಯ ಗಾಜಿನ ಹಿಂದಿನಿಂದ ಆ ಬಂಡೆಯೂ ಕಾಣದು.

ಇಷ್ಟೆಲ್ಲ ಕಾನೂನು, ಕಾವು, ಆನೆ ಎಂದು ಬರೆದರೂ ನಮ್ಮ ಮನಸ್ಸಿಗೆ ಚುಚ್ಚುವುದು ಇವು ಯಾವುವೂ ಅಲ್ಲ. ನಮ್ಮ ರಸ್ತೆಗಳಲ್ಲಿ ಎದುರಿಗೆ ಗಾಡಿ ಬಂದರೆ ಸ್ಟಿಯರಿಂಗಿನಿಂದ ಒಂದು ಕೈ ಮೇಲೇಳುತ್ತದೆ. ಅದಕ್ಕೆ ಯಾವ ನಿಯಮವೂ ಇಲ್ಲ. ಆ ಕೈ ಎತ್ತುವಿಕೆಯಲ್ಲೇ ಅರ್ಧ ವ್ಯವಹಾರ ನಡೆಯುತ್ತದೆ: ನಿಲ್ಲಿಸಿದರೆ ಪಲ್ಪರ್ ರಿಪೇರಿಯಾಯಿತೇ, ನಿಮ್ಮಲ್ಲಿ ಹೂಮಳೆ ಬಿತ್ತೇ, ಕೊನೆಗಾರ ಯಾವತ್ತು ಸಿಗುತ್ತಾನೆ ಎಂಬ ಮಾತು. ಬಸ್ಸು ತಪ್ಪಿದ ಶಾಲೆಯ ಮಕ್ಕಳು ಜೀಪಿನಲ್ಲಿರುವುದು ಯಾರೆಂದು ನೋಡಿ ಕೈ ಅಡ್ಡ ಹಿಡಿಯುತ್ತಾರೆ. ಲೈನ್ ಮನೆಯಲ್ಲಿ ಹೆರಿಗೆ ನೋವು ಶುರುವಾದರೆ ಮೊದಲು ಓಡಿ ಬರುವುದು ರಸ್ತೆಗೆ; ಬರುವ ಗಾಡಿಯಲ್ಲಿ ಪರಿಚಯದ ಮುಖ ಕಂಡರೆ ಅಡ್ಡ ನಿಲ್ಲುವ ಧೈರ್ಯ ಬರುತ್ತದೆ. ಕಪ್ಪು ಗಾಜಿನ ಮುಂದೆ ಯಾರು ಕೈ ಎತ್ತುತ್ತಾರೆ? ಯಾರಿಗೆಂದು ಎತ್ತುವುದು?

ಒಬ್ಬ ಸದಸ್ಯರು, ನಮಗಿಂತ ಚಿಕ್ಕವರು, ಕಚೇರಿಗೆ ಬಂದಾಗ ಈ ಮಾತು ಬಂತು. 'ಅಲ್ಲ ಸೆಕ್ರೆಟ್ರಿಗಳೇ, ಪೇಟೆಯಲ್ಲಿ ಎಲ್ಲರೂ ಗುರಾಯಿಸಿ ನೋಡ್ತಾರೆ, ಅದಕ್ಕೇ ಹಾಕ್ಸಿದ್ದು' ಎಂದರು. 'ಗೌಡ್ರೇ, ನೋಡ್ಲಿ ಅಂತಲೇ ಅಲ್ವಾ ಆ ಕಾರು ತಂದಿದ್ದು?' ಎಂದೆವು. ನಕ್ಕರು. ಆದರೆ ಅವರ ಮಾತಿನಲ್ಲಿ ಸ್ವಲ್ಪ ಸತ್ಯವಿದೆ ಎಂದು ನಮಗೆ ಆಮೇಲೆ ಅನ್ನಿಸಿತು. ಸಾಲವಿರುವವನಿಗೆ, ಕೂಲಿ ಬಾಕಿಯಿರುವವನಿಗೆ ದೊಡ್ಡ ಕಾರಿನಲ್ಲಿ ಕಣ್ಣಿಗೆ ಬೀಳುವುದು ಮುಜುಗರ. ಶನಿವಾರ ಬಟವಾಡೆಯ ದಿನ 'ಮುಂದಿನ ವಾರ ನೋಡೋಣ' ಎಂದು ಹೇಳಿ ಅದೇ ಆಳುಗಳ ಮುಂದೆ ಹಾದುಹೋಗಬೇಕಾದರೆ ಗಾಜು ಕಪ್ಪಗಿದ್ದರೆ ಅನುಕೂಲ. ಅಸ್ಸಾಮಿನಿಂದ ಬಂದ ಕೂಲಿಗಳಿಗೆ ತೋಟದ ಯಜಮಾನನ ಮುಖವೇ ಗೊತ್ತಿಲ್ಲದ ಕಾಲ ಬಂದಿದೆ. ಕಾರಿನ ಬಣ್ಣ ಮಾತ್ರ ಗೊತ್ತು. ದೊರೆಗಳ ಕಾಲದಲ್ಲೂ ಕಾರಿನ ಟಾಪು ತೆರೆದಿರುತ್ತಿತ್ತು, ದೊರೆ ಕಾಣುತ್ತಿದ್ದ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು.

ಹೆಂಗಸರು ಮಕ್ಕಳು ಒಂಟಿಯಾಗಿ ಪ್ರಯಾಣಿಸುವಾಗ ಕಾಣದಿರುವುದೇ ಕ್ಷೇಮ ಎಂಬ ವಾದವನ್ನೂ ಕೇಳಿದ್ದೇವೆ. 2012ರ ಆ ಮೊಕದ್ದಮೆಯಲ್ಲಿ ಕರಿಯ ಗಾಜಿನ ವಿರುದ್ಧ ಬಂದ ಮುಖ್ಯ ವಾದವೇ ಅದರ ಮರೆಯಲ್ಲಿ ಹೆಂಗಸರ ಮೇಲೂ ಇತರರ ಮೇಲೂ ಅಪರಾಧಗಳು ನಡೆಯುತ್ತವೆ ಎಂಬುದು. ಒಳಗೆ ಏನಾಗುತ್ತಿದೆ ಎಂದು ಹೊರಗಿನವರಿಗೆ ಕಾಣುವುದೇ ರಕ್ಷಣೆ.

ಆದುದರಿಂದ ಆಡಳಿತ ಮಂಡಳಿಯ ಮುಂದಿನ ಸಭೆಯಲ್ಲಿ ನಾವು ಎರಡು ಸೂಚನೆಗಳನ್ನು ಇಡಲಿದ್ದೇವೆ. ದಾಸ್ತಾನಿನ ಮೇಲೆ ಮುಂಗಡ ಕೇಳುವಾಗ ಅದು ಯಾತಕ್ಕೆಂದು ನೇರವಾಗಿ ಬರೆಯಬೇಕು. ವಾಹನ ಎಂದು ಬರೆದರೆ ಅರ್ಜಿ ತಿರಸ್ಕರಿಸುವುದಿಲ್ಲ, ಆದರೆ ಹಿಂದಿನ ಬಾಕಿ ಪೂರ್ತಿ ಚುಕ್ತಾ ಆಗಿರಬೇಕು. ಸಂಘದ ಅಂಗಳದೊಳಗೆ ಕರಿಯ ಗಾಜಿನ ವಾಹನಗಳಿಗೆ ಪ್ರವೇಶ ಬೇಡ ಎಂಬುದು ಎರಡನೆಯದು. ಇದರಲ್ಲಿ ನಿರ್ದೇಶಕರ ವಾಹನಗಳೂ ಸೇರುತ್ತವೆ, ಅವು ಎಷ್ಟಿವೆ ಎಂದು ಎಣಿಸಿಟ್ಟಿದ್ದೇವೆ. ಒಪ್ಪದವರು ಸಭೆಗೆ ಬಂದು ಮಾತಾಡಬಹುದು, ಈ ಪುಟಕ್ಕೆ ಬರೆಯಲೂಬಹುದು.

ಫಾರಂ 28, 29, 30 ಮತ್ತು ಸಾಲದ ಹಕ್ಕು ತೆಗೆಸುವ ಫಾರಂ 35, ಇವುಗಳ ಮಾದರಿ ಪ್ರತಿಗಳನ್ನು ಕಚೇರಿಯಲ್ಲಿ ಇರಿಸಿದ್ದೇವೆ. ಫಿಲ್ಮು ತೆಗೆಸುವವರು ಗಾಜಿಗೆ ಬಿಸಿಗಾಳಿಯನ್ನೋ ಹಬೆಯನ್ನೋ ಹಿಡಿದು ನಿಧಾನವಾಗಿ ಎಳೆಸಿರಿ. ಹಿಂದಿನ ಗಾಜಿನ ಒಳಮೈಯಲ್ಲಿ ಮಂಜು ಕರಗಿಸುವ ಸಣ್ಣ ತಂತಿಗೆರೆಗಳಿರುತ್ತವೆ. ಬ್ಲೇಡು ಹಾಕಿ ಕೆರೆದರೆ ಅವೂ ಕಿತ್ತು ಬರುತ್ತವೆ.

— ಕಾರ್ಯದರ್ಶಿ